ಅಜ್ಜಿಯ ಪರೀಕ್ಷೆ

ನಮ್ಮ ಮನೆಯಲ್ಲಿ ಬಳಚನ್ನು ಪರೀಕ್ಷಿಸದೆ ಮಾರುವ ಪದ್ಧತಿ ಇರಲಿಲ್ಲ. ಕಾಳಿ ನದಿಯ ಅಳಿವೆಯಲ್ಲಿ, ನೀರಿನ ಇಳಿತದ ಹೊತ್ತಿಗೆ, ಅಜ್ಜಿ ಬಳಚು ಆಯ್ದು ತರುತ್ತಿದ್ದಳು. ಅದರಲ್ಲಿ ನಾಲ್ಕನ್ನು ಬೇಯಿಸಿ, ಚಿಪ್ಪು ಬಾಯಿ ಬಿಟ್ಟೊಡನೆ ಮೂಗಿನ ಬಳಿ ಹಿಡಿದು ನೋಡುವಳು. ಆಮೇಲೆಯೇ ಬುಟ್ಟಿ ಕಾರವಾರದ ಪೇಟೆಗೆ ಹೋಗುತ್ತಿತ್ತು. "ನಾವು ತಿನ್ನದ್ದನ್ನು ಊರಿಗೆ ತಿನ್ನಿಸಬಾರದು" ಎಂಬುದು ಅವಳ ವ್ಯಾಪಾರಧರ್ಮವಾಗಿತ್ತು.

2006ನೆಯ ಇಸವಿಯ ಮೇ 30ರಂದು ಕಾರವಾರದ ಸಮೀಪದ ಕಡಲಿನಲ್ಲಿ 'ಓಷನ್ ಸೆರಾಯಾ' ಎಂಬ ಹಡಗು ಬಂಡೆಗೆ ತಾಗಿ ಒಡೆಯಿತು. ಅದರ ಹೊಟ್ಟೆಯಲ್ಲಿ 600 ಟನ್ನಿಗೂ ಮಿಕ್ಕ ಫರ್ನೇಸ್ ಎಣ್ಣೆಯಿತ್ತು. ನಾನು ಆಗ ಐದನೆಯ ಇಯತ್ತೆಗೆ ಹೋಗಲಿದ್ದ ಹುಡುಗ. ಮುಂಗಾರಿನ ಅಲೆಗಳು ಎಣ್ಣೆಯನ್ನು ನಮ್ಮ ದಂಡೆಗೂ ಗೋವೆಯ ದಂಡೆಗೂ ತಂದೊಗೆದವು. ನನ್ನ ಅಂಗಾಲಿಗೆ ಹತ್ತಿದ ಕರಿಯ ಮುದ್ದೆಯನ್ನು ಅಜ್ಜಿ ತೆಂಗಿನೆಣ್ಣೆ ಹಚ್ಚಿ ತಿಕ್ಕಿ ತೆಗೆದಳು.

ಮಳೆಗಾಲ ಕಳೆಯಿತು, ಮರಳು ಮತ್ತೆ ಬೆಳ್ಳಗಾಯಿತು. ಕಡಲು ಶುದ್ಧವಾಯಿತೆಂದು ಜನ ಸಮಾಧಾನಗೊಂಡರು. ಆದರೆ ಬಳಚಿನ ಕಾಲ ಬಂದರೂ ಅಜ್ಜಿ ಒಂದು ವಾರ ಬುಟ್ಟಿಯನ್ನು ಪೇಟೆಗೆ ಒಯ್ಯಲಿಲ್ಲ. ದಿನವೂ ನಾಲ್ಕು ಬೇಯಿಸುವಳು, ಮೂಸುವಳು, ಸುಮ್ಮನಾಗುವಳು. "ವಾಸನೆಯೇ ಇಲ್ಲವಲ್ಲ, ಮಾರಬಾರದೇಕೆ?" ಎಂದು ಕೇಳಿದೆ. "ಮೂಗಿಗೆ ತಿಳಿಯದ್ದೂ ಇರುತ್ತದೆ ಮಗಾ. ನೀನು ಓದುವವನು, ನೀನೇ ಹೇಳು" ಎಂದಳು. ಹೇಳಲಾರದೆ ಹೋದೆ. ಆ ವಾರ ನಮಗೆ ಗಂಜಿಗೆ ಉಪ್ಪಿನಕಾಯಿಯೇ ಗತಿಯಾಯಿತು. ಎಂಟನೆಯ ದಿನ ಅವಳು ಒಂದು ತಟ್ಟೆ ಬಳಚನ್ನು ತಾನೊಬ್ಬಳೇ ಉಂಡಳು, ನಮಗೆ ಕೊಡಲಿಲ್ಲ. ಮರುದಿನ ಬೆಳಗ್ಗೆ ಎಂದಿನಂತೆ ಎದ್ದು ಬುಟ್ಟಿ ಹೊತ್ತಳು.

ಅರ್ಥಶಾಸ್ತ್ರದ ಪಾಠ ಹೇಳುವ ನನ್ನನ್ನು ಆ ಪ್ರಶ್ನೆ ಇಂದಿಗೂ ಬಿಟ್ಟಿಲ್ಲ. ಓದಿ ತಿಳಿದುದು ಇಷ್ಟು. ಡೀಸೆಲ್ ತೆಳುವಾದುದು, ಬೇಗ ಆವಿಯಾಗುತ್ತದೆ, ಆದರೆ ಹೊಸತರಲ್ಲಿ ಅದರ ವಿಷ ತೀಕ್ಷ್ಣ. ಫರ್ನೇಸ್ ಎಣ್ಣೆ ದಪ್ಪನೆಯದು; ಮರಳಿನೊಡನೆ ಬೆರೆತು ತಳ ಸೇರಿ ವರ್ಷಗಟ್ಟಲೆ ಉಳಿಯಬಲ್ಲದು. ಬೆಳೆದ ಮೀನು ಈಜಿ ಪಾರಾದೀತು. ತತ್ತಿಗೂ ಮರಿಗೂ ಆ ಶಕ್ತಿಯಿಲ್ಲ. ಬಳಚಂತೂ ಇದ್ದಲ್ಲಿಯೇ ಇದ್ದು ನೀರನ್ನು ಸೋಸಿ ಉಣ್ಣುವ ಜೀವಿ. ಎಣ್ಣೆಯ ಅಂಶವನ್ನು ಮೈಯಲ್ಲಿ ಕೂಡಿಸಿಕೊಳ್ಳುತ್ತದೆ. ಅದನ್ನು ಅರಗಿಸಿ ಹೊರಹಾಕುವ ಬಲ ಅದಕ್ಕೆ ಮೀನಿನಷ್ಟಿಲ್ಲ. ಆದುದರಿಂದಲೇ ಅಮೆರಿಕದ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ, ಕರಾವಳಿಯ ಮಾಲಿನ್ಯವನ್ನು ಅರಿಯಲು ಇಂತಹ ಚಿಪ್ಪುಜೀವಿಗಳನ್ನೇ ಪರೀಕ್ಷಿಸಬೇಕೆಂದು ಸೂಚಿಸಿದರು. ಅಜ್ಜಿ ಅವರ ಹೆಸರನ್ನು ಕೇಳಿದವಳಲ್ಲ. ಆದರೆ ಇಬ್ಬರೂ ಕೇಳಿದ್ದು ಒಂದೇ ಸಾಕ್ಷಿಯನ್ನು.

ಅಪಾಯವನ್ನು ಅಳೆಯಬೇಕಾದರೆ ಮೊದಲಿದ್ದ ಸ್ಥಿತಿ ತಿಳಿದಿರಬೇಕು. ಒಡೆದ ಹಡಗಿನಿಂದ ಮಾತ್ರವಲ್ಲ, ದೋಣಿಗಳ ತಳದಲ್ಲಿ ಉಳಿದ ಎಣ್ಣೆನೀರಿನಿಂದಲೂ ಕಡಲಿಗೆ ಅಷ್ಟಷ್ಟು ಸೇರುತ್ತದೆ. ನೀರು, ಕೆಸರು, ಬಳಚು ಈ ಮೂರನ್ನೂ ಅವಘಡಕ್ಕೆ ಮುನ್ನವೇ ವರ್ಷವರ್ಷವೂ ಪರೀಕ್ಷಿಸಿ ಬರೆದಿಟ್ಟರೆ ಮಾತ್ರ, ಕೆಟ್ಟದ್ದೆಷ್ಟು, ಸುಧಾರಿಸಿದ್ದೆಷ್ಟು ಎಂದು ಹೇಳಲು ಬಂದೀತು. ಬಿಳಿಯ ಮರಳನ್ನು ನೋಡಿ ಹೇಳಲಾಗದು.

2025ರ ಮೇ 25ರಂದು ಕೊಚ್ಚಿಯ ಬಳಿ 'ಎಂಎಸ್‌ಸಿ ಎಲ್ಸಾ 3' ಎಂಬ ಹಡಗು 367 ಟನ್ ಫರ್ನೇಸ್ ಎಣ್ಣೆ, 84 ಟನ್ ಡೀಸೆಲ್‌ಗಳೊಡನೆ ಮುಳುಗಿತು. ಸುದ್ದಿಯನ್ನು ಓದಿದಾಗ ನನ್ನ ಕಣ್ಣೆದುರು ಬಂದವಳು ಆ ದಂಡೆಯಲ್ಲಿ ಬುಟ್ಟಿ ಹಿಡಿದು ನಿಂತ ಯಾರೋ ಒಬ್ಬ ಮುದುಕಿ.

ನಮ್ಮಜ್ಜಿ ಈಗಿಲ್ಲ. ಬಳಚು ತಂದ ದಿನ ನಾನೂ ನಾಲ್ಕನ್ನು ಬೇಯಿಸಿ ಮೂಸಿ ನೋಡುತ್ತೇನೆ. ಮೂಗು ಮೊದಲ ಪರೀಕ್ಷೆ, ಅದೇ ಕೊನೆಯದಾಗಬಾರದು. ಕಡಲು ನಿರ್ಮಲವೋ ಅಲ್ಲವೋ ಎಂದು ತಿಳಿಯಲು ಯಾವ ಅಜ್ಜಿಯೂ ತನ್ನ ಹೊಟ್ಟೆಯನ್ನು ಪ್ರಯೋಗಶಾಲೆ ಮಾಡಿಕೊಳ್ಳುವ ಪ್ರಸಂಗ ಬರದಿರಲಿ.