ದೊಡ್ಡಬ್ಬದ ಟಿಕೆಟ್ಟು

ಹಬ್ಬ ಮುಗಿದು ಸುಮಾರು ದಿನ ಆದಮೇಲೆ ಹಬ್ಬದ ಸುದ್ದಿ ಬರೀತಾ ಇದ್ದೀನಿ, ನಗಬೇಡಿ. ಆಗಲೇ ಬರೆಯೋಣ ಅಂದ್ರೆ ಅಡಕೆ ಕೊಯ್ಲು ಶುರುವಾಗಿತ್ತು, ಚಪ್ಪರದ ಕೆಲಸ, ಸುಲಿಯುವವರಿಗೆ ಚಾ-ತಿಂಡಿ. ಅದೂ ಅಲ್ಲದೆ ಮನಸ್ಸೂ ಸರಿ ಇರಲಿಲ್ಲ. ಮಗಳ ಮೇಲೆ ರೇಗಿದ್ದೆ, ರೇಗಿದ್ದು ತಪ್ಪಾಗಿತ್ತು.

ನಿಮಗೆಲ್ಲ ಗೊತ್ತಿರೋದೇ. ನಾನು ಹುಟ್ಟಿದ್ದು ಸೊರಬದ ಕಡೆ, ಸೇರಿದ್ದು ಶಿಕಾರಿಪುರದ ಕಡೆ. ಎರಡೂ ಊರಿಗೆ ರೈಲಿಲ್ಲ. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ ಹಳಿಯ ಕೆಲಸ ನಡೀತಾ ಇದೆ, ಅದರಲ್ಲಿ ಕೂರುವ ಯೋಗ ಯಾವಾಗಲೋ. ಅಲ್ಲಿವರೆಗೆ ನಾವು ರೈಲು ಹತ್ತಬೇಕಂದ್ರೆ ಶಿಕಾರಿಪುರದವರು ಶಿವಮೊಗ್ಗಕ್ಕೆ ಹೋಗಬೇಕು, ಸೊರಬದವರು ಸಾಗರಕ್ಕೆ. ತಾಳಗುಪ್ಪದಿಂದ ಹೊರಡುವ ಮೈಸೂರು ರೈಲು ನಮ್ಮ ಪಾಲಿಗೆ ತವರಿನ ಗಾಡಿ ಇದ್ದ ಹಾಗೆ. ರಾತ್ರಿ ಊಟದ ಹೊತ್ತಿಗೆ ಸಾಗರದಲ್ಲಿ ಹತ್ತಿದರೆ ಬೆಳಕು ಹರಿಯೋದ್ರೊಳಗೆ ಬೆಂಗಳೂರು. ಸ್ಲೀಪರಿಗೆ ಇನ್ನೂರ ಚಿಲ್ಲರೆ. ಕಾಲು ಚಾಚಿ ಮಲಗಬಹುದು, ಶೌಚಾಲಯ ಇದೆ. ಸಕ್ಕರೆ ಕಾಯಿಲೆ ಇರುವ ನನ್ನಂಥವರಿಗೆ ಬಸ್ಸಿಗಿಂತ ಇದೇ ವಾಸಿ.

ಆದರೆ ಈ ಮಾತು ಬರೀ ದಿನಕ್ಕೆ. ದೊಡ್ಡಬ್ಬಕ್ಕೆ ಅಲ್ಲ.

ಕಳೆದ ವರ್ಷ, ಅಂದ್ರೆ 2025ರಲ್ಲಿ, ಗೋಪೂಜೆ ಅಕ್ಟೋಬರ್ 22ಕ್ಕೆ ಬಂದಿತ್ತು. ಮಗಳು, ಅಳಿಯ, ಆರು ವರ್ಷದ ಮೊಮ್ಮಗ ಪ್ರತಿ ವರ್ಷ ಬರ್ತಿದ್ರು. ಬೂರೆ ನೀರಿಗೆ ಅಳಿಯನ ಮನೆಯಲ್ಲಿ, ಅದು ಸಿದ್ದಾಪುರದ ಹತ್ತಿರ. ಗೋಪೂಜೆಗೆ ಸೊರಬದಲ್ಲಿ ನನ್ನ ತವರಲ್ಲಿ. ಅಮ್ಮನಿಗೆ 84 ವರ್ಷ, ಕಣ್ಣು ಮಂದ. ಮರಿಮಗ ಬರ್ತಾನೆ ಅಂತ ಭೂಮಿ ಹುಣ್ಣಿಮೆ ಕಳೆದದ್ದೇ ದಿನ ಎಣಿಸ್ತಾಳೆ. ಪಚ್ಚೆತೆನೆ-ಅಡಕೆ ಸರ ಪೋಣಿಸೋಕೆ ಕೈ ನಡುಗುತ್ತೆ, ಆದರೂ ಕರುವಿನ ಸರ ಅವಳೇ ಪೋಣಿಸಬೇಕು, ಮರಿಮಗ ಅದನ್ನ ಕರುವಿಗೆ ಕಟ್ಟಬೇಕು. ಇದು ಇಬ್ಬರ ನಡುವಿನ ಕರಾರು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಮಗಳ ಫೋನು. "ಅಮಾ, ಈ ಸಲ ದೊಡ್ಡಬ್ಬಕ್ಕೆ ಬಪ್ಪಲೆ ಆಗ್ತಿಲ್ಲೆ. ಟಿಕೆಟ್ ಕನ್ಫರ್ಮ್ ಆಜಿಲ್ಲೆ. ಬಸ್ಸಿಗೆ ಕೇಳಿದ್ರೆ ತಲೆ ತಿರುಗ್ತು."

ನನಗೆ ಎಲ್ಲಿತ್ತೋ ಸಿಟ್ಟು. "ದುಡ್ಡು ದುಡ್ಡು ಹೇಳಿ ಹಬ್ಬನೂ ಬಿಡ್ತ್ರ ನಿಂಗ? ಅಮ್ಮಮ್ಮಂಗೆ ಎಂತ ಹೇಳಲಿ ನಾನು?" ಅಂದುಬಿಟ್ಟೆ. ಅವಳು ಏನೂ ಹೇಳಲಿಲ್ಲ. "ಆತು ಅಮಾ, ಇಡ್ತಿ" ಅಂತ ಇಟ್ಟಳು. ಪಕ್ಕದಲ್ಲಿ ಕೂತಿದ್ದ ನಮ್ಮನೆಯವರು, "ಅವ್ಕೆ ಎಂತ ತೊಂದ್ರೆ ಇದ್ದೋ ಏನೋ, ಬೈಯಡ" ಅಂದ್ರು. ನಾನು ಅವರ ಮೇಲೂ ಹಾರಿದೆ.

ಆಮೇಲೆ ಕೂತು ಕೇಳಿ ತಿಳ್ಕೊಂಡ ಮೇಲೆ ಲೆಕ್ಕ ಅರ್ಥವಾಯ್ತು. ನಮ್ಮಲ್ಲಿ ಸುಮಾರು ಜನರ ಮಕ್ಕಳು ಬೆಂಗಳೂರಲ್ಲೇ ಇರೋದ್ರಿಂದ ಇಲ್ಲಿ ಬರೀತೀನಿ.

ಮುಂಚೆ ರೈಲಿನ ಟಿಕೆಟ್ಟನ್ನು 120 ದಿನ ಮೊದಲೇ ಮಾಡಿಸಬಹುದಿತ್ತು. 2024ರ ನವೆಂಬರಿನಿಂದ ಅದು 60 ದಿನಕ್ಕೆ ಇಳೀತು. ಬೆಳಗ್ಗೆ ಎಂಟು ಗಂಟೆಗೆ ಬುಕಿಂಗ್ ತೆರೆಯುತ್ತೆ. ಮಗಳು ಅರವತ್ತನೇ ದಿನ ಎಂಟಕ್ಕೇ ಮೊಬೈಲ್ ಹಿಡಿದು ಕೂತಿದ್ದಳಂತೆ. ಮೂವರ ಹೆಸರು ಹಾಕಿ ದುಡ್ಡು ಕಟ್ಟೋದ್ರೊಳಗೆ ವೇಟಿಂಗ್ ಲಿಸ್ಟು. ಮಗು ಐದು ದಾಟಿದೆ. ಪ್ರತ್ಯೇಕ ಬರ್ತ್ ಬೇಕಂದ್ರೆ 2016ರಿಂದ ಅದಕ್ಕೂ ದೊಡ್ಡವರ ಪೂರಾ ದರವೇ. ಅಂತೂ ಮೂರು ಟಿಕೆಟ್ಟು.

ಅದು ಕೈಕೊಟ್ಟ ಮೇಲೆ ಉಳಿದದ್ದು ತತ್ಕಾಲ್. ರೈಲು ಹೊರಡುವ ಹಿಂದಿನ ದಿನ ಎಸಿಗೆ ಹತ್ತು ಗಂಟೆಗೆ, ಸ್ಲೀಪರಿಗೆ ಹನ್ನೊಂದಕ್ಕೆ ತೆರೆಯುತ್ತೆ. ಸ್ಲೀಪರಿಗಾದರೆ 100ರಿಂದ 200 ರೂಪಾಯಿ ಮೇಲೆ ಕೊಡಬೇಕು. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಬಿಡಿಗಾಸು ವಾಪಸಿಲ್ಲ. ಕೆಲವು ರೈಲಿಗೆ ಪ್ರೀಮಿಯಂ ತತ್ಕಾಲ್ ಅಂತ ಇನ್ನೊಂದಿದೆ, ಅದರಲ್ಲಿ ಸೀಟು ಖಾಲಿಯಾದ ಹಾಗೆ ದರ ಏರ್ತಾ ಹೋಗುತ್ತೆ. ರಾಜಧಾನಿ, ಶತಾಬ್ದಿ, ದುರಂತೋ ರೈಲುಗಳಿಗೆ 2016ರ ಸೆಪ್ಟೆಂಬರಿನಲ್ಲಿ ಇದೇ ಥರದ ಪದ್ಧತಿ ತಂದಿದ್ರು, ಹತ್ತು ಪರ್ಸೆಂಟ್ ಸೀಟು ಹೋದಾಗಲೆಲ್ಲ ದರ ಹತ್ತು ಪರ್ಸೆಂಟ್ ಮೇಲೆ. ಹಬ್ಬಕ್ಕೆ ಅಂತ ಬಿಡುವ ವಿಶೇಷ ರೈಲುಗಳಲ್ಲೂ ಸುಮಾರಕ್ಕೆ ವಿಶೇಷ ದರವೇ.

ಇನ್ನು ಖಾಸಗಿ ಬಸ್ಸು. ಬರೀ ದಿನ ಏಳುನೂರು-ಎಂಟುನೂರಕ್ಕೆ ಸಿಗುವ ಸೀಟಿಗೆ ಆ ದಿನ 2,200 ತೋರಿಸ್ತಾ ಇತ್ತಂತೆ. ಮೂವರಿಗೆ ಒಂದು ದಾರಿಗೆ 6,600. ಹೋಗಿ ಬರೋದಕ್ಕೆ ಹದಿಮೂರು ಸಾವಿರ ದಾಟುತ್ತೆ. ಮಗುವಿನ ಶಾಲೆಯ ಎರಡನೇ ಕಂತು ಕಟ್ಟಿದ ತಿಂಗಳು ಅದು.

ಹೆಂಗಸರಿಗೆ ಬಸ್ಸು ಫ್ರೀ ಅಲ್ದಾ ಅಂತ ಕೇಳಬಹುದು. 2023ರ ಜೂನಿನಿಂದ ಶಕ್ತಿ ಯೋಜನೆ ಬಂದಿದ್ದು ಹೌದು, ನಾನೂ ಆಧಾರ್ ಕಾರ್ಡ್ ಪರ್ಸಿನಲ್ಲೇ ಇಟ್ಕೊಂಡಿದ್ದೀನಿ. ತವರಿಗೆ ಹೋಗೋಕೆ ಯಾರ ಹತ್ರನೂ ದುಡ್ಡು ಕೇಳೋದು ಬೇಡ ಅನ್ನುವ ಸುಖ ಎಂಥದ್ದು ಅಂತ ನಮಗೇ ಗೊತ್ತು. ಆದರೆ ಅದು ಸರ್ಕಾರಿ ಬಸ್ಸಿಗೆ, ಅದರಲ್ಲೂ ಸಾಮಾನ್ಯ ಬಸ್ಸಿಗೆ. ಸ್ಲೀಪರ್ ಬಸ್ಸಿಗಿಲ್ಲ. ಹಬ್ಬದ ರಾತ್ರಿ ಕೆಂಪು ಬಸ್ಸಲ್ಲಿ ಮಗು ಕಟ್ಕೊಂಡು ನಿಂತು ಬಾ ಅಂತ ಹೇಳೋಕೆ ನನಗಂತೂ ಬಾಯಿ ಬರಲ್ಲ.

ಈಗ ನಾನು ಯಾಕೆ ತಪ್ಪು ಮಾಡಿದೆ ಅಂತ ಹೇಳ್ತೀನಿ. ಹಬ್ಬ ಕಳೆದು ಎರಡು ದಿನಕ್ಕೆ ಬೀಗ್ತಿ ಫೋನ್ ಮಾಡಿದ್ರು. ಮಾತಿನ ಮಧ್ಯೆ, "ಕೂಸಿಗೆ ಪಾಪ, ಮಾಣಿ ಕಟ್ಕಂಡು ಒಂದೇ ಉಳ್ಕತ್ತು" ಅಂದ್ರು. ನನಗೆ ತಲೆಬುಡ ಗೊತ್ತಾಗಲಿಲ್ಲ. ಆಮೇಲೆ ಬಾಯಿ ಬಿಡಿಸಿದೆ. ಬೀಗರು ಅಂಗಳದಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ತತ್ಕಾಲಿನಲ್ಲಿ ಸಿಕ್ಕಿದ್ದು ಒಂದೇ ಒಂದು ಸೀಟು. ಅಪ್ಪನ್ನ ನೋಡೋಕೆ ಮಗ ಹೋಗಲೇಬೇಕಲ್ಲ, ಅಳಿಯ ಹೋದರು. ನಮಗೆ ಹೇಳಿದರೆ ಹಬ್ಬದ ಹೊತ್ತಿಗೆ ಹೆದರ್ತಾರೆ ಅಂತ ಮಗಳು ಹೇಳಿರಲಿಲ್ಲ. ದೊಡ್ಡಬ್ಬದ ದಿನ ಅವಳು ಬೆಂಗಳೂರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ನಾಲ್ಕು ಹಣತೆ ಹಚ್ಚಿ, ಮಗುವಿಗೆ ಮೊಬೈಲಿನಲ್ಲಿ ಗೋಪೂಜೆ ತೋರಿಸಿದ್ದಳು. ಆ ವಿಡಿಯೋ ಕಳಿಸಿದ್ದು ನಾನೇ. ಕೆಳಗೆ ಒಂದು ಮಾತೂ ಬರೀದೆ ಸಿಟ್ಟಲ್ಲೇ ಕಳಿಸಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಹಳೇದೊಂದು ನೆನಪಾಯ್ತು. ನನ್ನ ಮದುವೆಯಾಗಿ ಮೂರೋ ನಾಲ್ಕೋ ವರ್ಷ. ಚಿಕ್ಕಪ್ಪನ ಮಗಳ ಮದುವೆ ಬೆಂಗಳೂರಿನಲ್ಲಿ. ಅವಳೂ ನಾನೂ ಒಂದೇ ಚಾಪೆ ಮೇಲೆ ಮಲಗಿ ಬೆಳೆದವರು. ಆ ವರ್ಷ ಅಡಕೆಗೆ ಕೊಳೆ ಬಂದು ಕೈ ಖಾಲಿ. ಮನೆಯಲ್ಲಿ ಲೆಕ್ಕ ಹಾಕಿದ್ರು. ಇವರು ಹೋಗಬೇಕು, ಗಂಡಸರು ಹೋಗದಿದ್ರೆ ಚಂದ ಅಲ್ಲ. ಅತ್ತೆ ಹೋಗಬೇಕು, ಹಿರಿಯರು. "ಕೊಟ್ಟಿಗೆ ನೋಡಕ್ಕೆ ಒಬ್ರು ಬೇಕಲೆ" ಅಂತ ನಾನು ಉಳಿದೆ. ಯಾರೂ ಬೇಡ ಅನ್ನಲಿಲ್ಲ, ನಾನೂ ಹೋಗ್ತೀನಿ ಅನ್ನಲಿಲ್ಲ. ಧಾರೆ ಹೊತ್ತಿಗೆ ಹಾಲು ಕರೀತಾ ಕೂತಿದ್ದೆ.

ಟಿಕೆಟ್ ದುಬಾರಿ ಆದಾಗ ಮನೆಯಲ್ಲಿ ಮೊದಲು ಕತ್ತರಿಸೋದು ಯಾರ ಟಿಕೆಟ್ಟು? ನೀವೇ ನೆನಪು ಮಾಡ್ಕೊಳ್ಳಿ. ಯಾರೂ ಕೆಟ್ಟವರಲ್ಲ, ಎಲ್ಲದಕ್ಕೂ ಕಾರಣ ಇರುತ್ತೆ. ಆದರೆ ಕಾರಣ ಎಲ್ಲ ತಿರುಗಿ ತಿರುಗಿ ನಮ್ಮ ಟಿಕೆಟ್ಟಿಗೇ ಬಂದು ನಿಲ್ಲುತ್ತೆ. ನನ್ನ ಟಿಕೆಟ್ಟು ಹೋದಾಗ ಯಾರಾದ್ರೂ ಒಂದು ಮಾತು ಕೇಳಲಿ ಅಂತ ಕಾದಿದ್ದೆ. ಮಗಳ ಟಿಕೆಟ್ಟು ಹೋದಾಗ ನಾನೇ ಬೈದೆ.

ದರ ಏರಿಸುವವರು ಹೇಳೋದನ್ನೂ ಕೇಳಿದ್ದೀನಿ. ಒಂದೇ ಹೊತ್ತಿಗೆ ಎಲ್ಲರೂ ನುಗ್ಗಿದರೆ ಗಾಡಿ ಸಾಲೋದಿಲ್ಲ, ದರ ಹೆಚ್ಚಿದ್ದರೆ ಸ್ವಲ್ಪ ಜನ ಬೇರೆ ಹೊತ್ತಿಗೆ ಹೋಗ್ತಾರೆ ಅಂತ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಮೆಟ್ರೋ ದರ ಏರಿದಾಗ ನಾನು ಮಗಳ ಮನೆಯಲ್ಲೇ ಇದ್ದೆ. ಹೆಚ್ಚಂದ್ರೆ 60 ಇದ್ದದ್ದು 90 ಆಯ್ತು. ಜನ ಗಲಾಟೆ ಮಾಡಿದ ಮೇಲೆ ಕೆಲವು ಕಡೆ ಸ್ವಲ್ಪ ಇಳಿಸಿದ್ರು. ಕಾರ್ಡ್ ಇದ್ದವರಿಗೆ ಐದು ಪರ್ಸೆಂಟ್ ಕಡಿಮೆ, ಬೆಳಗ್ಗೆ ಎಂಟರೊಳಗೆ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕು, ರಾತ್ರಿ ಒಂಬತ್ತರ ಮೇಲೆ ಹೋದರೆ ಇನ್ನೂ ಐದು ಕಡಿಮೆ. ನಾನು ಮಧ್ಯಾಹ್ನ ಮೂರಕ್ಕೆ ಜಯನಗರಕ್ಕೆ ಹೋಗಿ ಬಂದು ಉಳಿಸಿದ್ದನ್ನ ದೊಡ್ಡದಾಗಿ ಹೇಳಿದೆ. ಮಗಳು ನಕ್ಕಳು. "ನಿಂಗೆ ಅಡ್ಡಿಲ್ಲೆ ಅಮಾ. ಆಫೀಸು ಮಧ್ಯಾಹ್ನ ಮೂರಕ್ಕೆ ಶುರುವಾಗ್ತಿಲ್ಲೆ." ಅವಳ ಮಾತು ನ್ಯಾಯವೇ. ಬಿಡುವಿದ್ದವರಿಗೆ ಕಡಿಮೆ, ಬಿಡುವಿಲ್ಲದವರಿಗೆ ಹೆಚ್ಚು. ನಮ್ಮ ಅಡುಗೆಮನೆಗೂ ಬೆಳಗ್ಗೆ ಏಳರಿಂದ ಒಂಬತ್ತು ಪೀಕ್ ಅವರೇ. ಆ ಹೊತ್ತಿನ ದೋಸೆಗೆ ಹೆಚ್ಚು ದರ ಹಾಕಿದ್ರೆ ಇಷ್ಟೊತ್ತಿಗೆ ನಾನೂ ಒಂದು ಎಕರೆ ತೋಟ ಮಾಡಿರ್ತಿದ್ದೆ.

ಮಾಮೂಲಿ ದರ ಏರಿಕೆಗೆ ನನ್ನ ತಕರಾರಿಲ್ಲ. 2025ರ ಜುಲೈನಲ್ಲಿ ಎಕ್ಸ್‌ಪ್ರೆಸ್ ರೈಲಿನ ಸ್ಲೀಪರಿಗೆ ಕಿಲೋಮೀಟರಿಗೆ ಒಂದು ಪೈಸೆ, ಡಿಸೆಂಬರಿನಲ್ಲಿ ಮತ್ತೆ ಎರಡು ಪೈಸೆ ಹಾಕಿದ್ರು. ನಮ್ಮ ದಾರಿಗೆ ಎಲ್ಲ ಸೇರಿ ಹತ್ತು ರೂಪಾಯಿ ಚಿಲ್ಲರೆ. ಎರಡು ಚಾ ಬಿಟ್ಟರಾಯ್ತು. ಬೇಸರ ಇರೋದು ಎರಡಕ್ಕೆ. ಒಂದು, ಹೆಂಗಸರಿಗೆ 58 ತುಂಬಿದ ಮೇಲೆ ಇದ್ದ ಅರ್ಧ ದರದ ರಿಯಾಯಿತಿ. ಅತ್ತೆ ಅದರಲ್ಲೇ ವರ್ಷಕ್ಕೆರಡು ಸಲ ಮಗಳ ಮನೆಗೆ ಹೋಗಿ ಬರ್ತಿದ್ರು, ಮಗನ ಹತ್ರ ಕೈ ಚಾಚದೆ. 2020ರ ಮಾರ್ಚಿನಲ್ಲಿ ಕೊರೋನಾ ಅಂತ ನಿಲ್ಲಿಸಿದ್ದು, ಆಮೇಲೆ ಬರಲೇ ಇಲ್ಲ. ಬರುವ ವರ್ಷ ನನಗೆ 58. ಇನ್ನೊಂದು, ಹಬ್ಬ. ಹಬ್ಬ ಯಾವತ್ತು ಅಂತ ನಾವು ನಿಶ್ಚಯ ಮಾಡೋದಲ್ಲ, ಪಂಚಾಂಗ ಮಾಡುತ್ತೆ. ಬೇರೆ ದಿನ ಹೋಗಿ ಅಂದ್ರೆ ಬಲಿಪಾಡ್ಯಮಿಯನ್ನು ಎಲ್ಲಿಗೆ ತಳ್ಳೋಣ?

ಆದರೆ ನೋಡಿ, ಕೊನೆಗೆ ನಾವು ತಳ್ಳಿಯೇಬಿಟ್ಟೆವು. ಬೆಳಗಾಗಿದ್ದೇ ಮಗಳಿಗೆ ಫೋನ್ ಮಾಡಿದೆ. ತಪ್ಪಾಯ್ತು ಅನ್ನೋಕೆ ಬಾಯಿ ಬರಲಿಲ್ಲ. "ಮಾಣಿಗೆ ಶಾಲೆ ಎರಡು ದಿನ ತಪ್ಪಿದ್ರೆ ಅಡ್ಡಿದ್ದನೇ?" ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಮ್ಮ ಸಿಟ್ಟು ಮಾಡಿದ್ದಾ?" ಅಂದಳು. "ಅಮ್ಮಮ್ಮ ಅಲ್ಲ, ಸಿಟ್ಟು ಮಾಡಿದ್ದು ನಾನು" ಅಂದೆ. ಇಬ್ಬರೂ ಮೂಗು ಏರಿಸಿದ್ವಿ. ಅಷ್ಟೇ ನಮ್ಮ ರಾಜಿ.

ಕಾರ್ತಿಕ ಹುಣ್ಣಿಮೆ ನವೆಂಬರ್ 5, ಬುಧವಾರ. ಮಂಗಳವಾರ ರಾತ್ರಿಯ ರೈಲಿಗೆ ಮಗಳಿಗೂ ಮಗುವಿಗೂ ಮಾಮೂಲಿ ದರದಲ್ಲೇ ಬರ್ತ್ ಸಿಕ್ತು. ನಾನು ಮುಂಚೆಯೇ ಸೊರಬಕ್ಕೆ ಹೋಗಿದ್ದೆ. ಬೆಳಗ್ಗೆ ಸಾಗರದಿಂದ ಬಸ್ಸಲ್ಲಿ ಬಂದಿಳಿದ್ರು. ಅಮ್ಮ ಜಗಲಿಯಲ್ಲೇ ಕೂತಿದ್ದಳು, ತೊಡೆ ಮೇಲೆ ಕರುವಿನ ಸರ. ಅವತ್ತು ಪೋಣಿಸಿದ್ದು ಒಣಗಿ ಕರಿಹಿಡಿದಿತ್ತು, ಆದರೂ ಬಿಸಾಡೋಕೆ ಬಿಟ್ಟಿರಲಿಲ್ಲ. ಸೌತೆಕಾಯಿ ಕಡುಬು, ಹೋಳಿಗೆ ಮತ್ತೆ ಮಾಡಿದೆ. ಮಾಣಿ ಕೊಟ್ಟಿಗೆಗೆ ಹೋಗಿ ಕರುವಿಗೆ ಆ ಸರವನ್ನೇ ಕಟ್ಟಿದ. ಕರು ಕುತ್ತಿಗೆ ಕೊಡವಿ ಅರ್ಧ ಅಲ್ಲೇ ಉದುರಿಸಿತು.

ಮಗು ಖುಷಿಯಾಗಿತ್ತು. ಆದರೂ ರಾತ್ರಿ ಮಲಗುವಾಗ ಕೇಳಿತು, ಅಂಟಿಗೆ-ಪಂಟಿಗೆಯವರು ದೀಪ ಹಿಡ್ಕೊಂಡು ಯಾವಾಗ ಬರ್ತಾರೆ ಅಂತ. ಅವರು ಬಂದು ಹೋಗಿ ಎರಡು ವಾರ ಆಗಿತ್ತು. ಅದಕ್ಕೆ ನಮ್ಮ ಹತ್ರ ಉತ್ತರ ಇರಲಿಲ್ಲ. "ಬಪ್ಪ ವರ್ಷ" ಅಂತ ಮಗಳು ಹೊದಿಕೆ ಹೊದಿಸಿದಳು.

ಬರುವ ದೊಡ್ಡಬ್ಬಕ್ಕೆ ಅರವತ್ತು ದಿನ ಮೊದಲು ಯಾವ ತಾರೀಕು ಬರುತ್ತೆ ಅಂತ ಕ್ಯಾಲೆಂಡರಿನಲ್ಲಿ ಈಗಲೇ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೀನಿ. ವಾಪಸ್ ಹೋಗುವುದಕ್ಕೂ ಬೇರೆ ಗುರುತು ಹಾಕಬೇಕು, ಮರೀಬೇಡಿ. ಅಡಕೆ ದುಡ್ಡು ಬಂದ ದಿನ ಇವರ ಹತ್ರ ಮೂರು ಸಾವಿರ ತಗೊಂಡು ಸಾಸಿವೆ ಡಬ್ಬದ ಹಿಂದೆ ಇಟ್ಟಿದ್ದೀನಿ. ಅದು ಮಗಳ ಟಿಕೆಟ್ಟಿಗೆ. ಟಿಕೆಟ್ ಸಿಗದಿದ್ದರೆ ಬಸ್ಸಿಗೇ ಆಗಲಿ. ಒಂದೇ ಸೀಟು ಸಿಕ್ಕಿದರೂ ಆ ಸಲ ಅವಳು ಬರ್ತಾಳೆ.