ನೀರೊಳಗಿನ ಮೂಲ ಊರು

ಹೊಸದುರ್ಗದ ದೊಡ್ಡಪ್ಪನ ಮನೆ. ಇನ್ನೂ ನಸುಕು. ಬಾಗಿಲಲ್ಲಿ ಗಂಟೆ ಸದ್ದಾಯಿತು. ಅದರ ಹಿಂದೆಯೇ ನಮ್ಮ ಮುತ್ತಜ್ಜನ ಹೆಸರು, ಅವರಪ್ಪನ ಹೆಸರು, ಅವರಜ್ಜನ ಹೆಸರು, ರಾಗವಾಗಿ, ಒಂದರ ಬೆನ್ನಿಗೊಂದು! 'ಏಳೋ, ಹೆಳವರು ಬಂದವ್ರೆ' ಎಂದು ದೊಡ್ಡಮ್ಮ ಎಬ್ಬಿಸಿದರು. ನಾನೆಂದೂ ಕಂಡಿರದ ಮನುಷ್ಯರು, ನಾನೆಂದೂ ಕೇಳಿರದ ನನ್ನ ಹಿರಿಯರನ್ನು ಹೊಸ್ತಿಲಲ್ಲಿ ನಿಂತು ಕರೆಯುತ್ತಿದ್ದರು. ಮೈ ಜುಮ್ಮೆಂದಿತು.

ಹೆಳವರ ಕುಲಕಸುಬೇ ಇದು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಕೆಲವು ವರ್ಷಕ್ಕೊಮ್ಮೆ ತಮ್ಮ ಪಾಲಿನ ಮನೆಗಳಿಗೆ ಬಂದು, ವಂಶಾವಳಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು ಬಟ್ಟೆ ಪಡೆದು ಹೋಗುತ್ತಾರೆ.

ಬಟ್ಟೆಯ ಗಂಟು ಬಿಚ್ಚಿ ಪುಸ್ತಕ ತೆಗೆದರು. ಹಾಳೆಗಳ ಅಂಚು ಬೆರಳ ಜಿಡ್ಡಿಗೆ ಕಪ್ಪಾಗಿತ್ತು. ಇಸವಿಗಳಿಲ್ಲ, ಬರೀ ಸಂವತ್ಸರ. ಒಂದು ಪುಟದಲ್ಲಿ ಐವರು ಅಣ್ಣತಮ್ಮಂದಿರು. ಮೂವರ ಹೆಸರಿನ ಮುಂದೆ ಖಾಲಿ.

'ಧಾತು ಈಶ್ವರದ ಬರ, ಸಾವ್ಕಾರ್ರೆ.'

ಬೆರಳು ಮಡಿಸಿ ಲೆಕ್ಕ ಹಾಕಿದೆ: 1876ರಿಂದ 78. ಮೈಸೂರು ಸೀಮೆಯಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಜನ ಅಳಿದರೆಂದು ಶಾಲೆಯಲ್ಲಿ ಓದಿದ್ದೆ. ಅವರಲ್ಲಿ ಮೂವರು ನಮ್ಮ ಮನೆಯವರೆಂದು ಗೊತ್ತಾಗಿದ್ದು ಆ ಜಗಲಿಯ ಮೇಲೆ.

'ನಮ್ಮ ಮೂಲ ಯಾವೂರು?' ಎಂದೆ.

'ವೇದಾವತಿ ದಡದ್ದು. ಈಗ ನೀರಾಗೈತೆ.'

ಆ ನೀರು ನಿಂತಿರುವ ಹಿರಿಯೂರಿನ ಮಾರಿಕಣಿವೆಗೆ ನೇರ ಹೋಗಬಹುದಿತ್ತು. ಆದರೆ ನಮ್ಮವರು ಹೇರೆತ್ತಿನ ಮೇಲೆ ಕೊಬ್ಬರಿ, ಕಂಬಳಿ ಹೇರಿಕೊಂಡು ಹೊಳಲ್ಕೆರೆ ಮೇಲೆ ಚಿತ್ರದುರ್ಗದ ಪೇಟೆಗೆ ಹೋಗುತ್ತಿದ್ದರಂತೆ. ನಾನೂ ಅದೇ ದಾರಿ ಹಿಡಿದೆ.

ದುರ್ಗದಲ್ಲಿ ಪರಿಚಯದ ಹಿರಿಯರೊಬ್ಬರು ಹಳೇ ಪೆಟ್ಟಿಗೆಯಿಂದ ಕಡತ ತೆಗೆದು ತೋರಿಸಿದರು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಮೇಲೆ ಬಳಪದ ಬಿಳಿ ಅಕ್ಷರ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಳಿಸಿಹೋಗುವ ಬರಹ ಇಷ್ಟು ಕಾಲ ಉಳಿದಿದೆಯಲ್ಲ! ಯಾರೋ ತಂದ ಕಾಳು, ಯಾರೋ ಉಳಿಸಿಕೊಂಡ ಬಾಕಿ. ಉಸಿರು ಬಿಗಿಹಿಡಿದು ಓದಿದೆ.

ಮಧ್ಯಾಹ್ನ ಚಂದ್ರವಳ್ಳಿಗೆ ಹೋದೆ. 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ನೆಲ. ರೋಮ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಅವರ ಬೆಳ್ಳಿ ನಾಣ್ಯಗಳು ಇಲ್ಲಿ ಸಿಕ್ಕಿವೆ. ಎರಡು ಸಾವಿರ ವರ್ಷದ ಹಿಂದೆ ಯಾವ ವರ್ತಕನ ಸೊಂಟದ ಚೀಲದಲ್ಲಿ ಬಂದವೋ! ನಾಣ್ಯದ ಮೇಲೆ ದೊರೆಯ ಮುಖವಿದೆ, ತಂದವನ ಹೆಸರನ್ನು ಕೂಗಲು ಒಬ್ಬ ಹೆಳವನಿಲ್ಲ. ಆ ಬಂಡೆಗಳ ನಡುವೆ ಅವನಿಗಾಗಿ ಸುಮ್ಮನೆ ಕೂತೆ.

ಮಾರಿಕಣಿವೆ ತಲುಪಿದಾಗ ಸಂಜೆ. ಎರಡು ಗುಡ್ಡಗಳ ನಡುವೆ 1898ರಿಂದ 1907ರವರೆಗೆ ಕಟ್ಟಿದ ಕಲ್ಲಿನ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ವಿಶಾಲ ನೀರಿನ ತಳದಲ್ಲೆಲ್ಲೋ ನಮ್ಮ ಮನೆಯ ತಳಪಾಯ, ಎತ್ತು ಕಟ್ಟುತ್ತಿದ್ದ ಗೂಟದ ಕುಳಿ. ಬೆಳಗ್ಗೆ ಕೇಳಿದ ಹೆಸರುಗಳನ್ನು ನೀರಿನ ಕಡೆ ಮುಖಮಾಡಿ ಹೇಳತೊಡಗಿದೆ. ನಾಲ್ಕು ಬಂದವು, ಐದನೆಯದು ಬರಲಿಲ್ಲ. ದೊಡ್ಡಪ್ಪನಿಗೆ ಫೋನ್ ಮಾಡಿದೆ.

'ಹೆಳವರು ಹಿಂದಿನ ಬೀದಿಯಾಗೇ ಅವ್ರೆ, ಕೇಳಿ ಹೇಳ್ತೀನಿ ಇರು. ನಿನ್ನ ಮಗಳ ಹೆಸರೂ ಬರೆಸ್ಲೇನೋ?'

'ಬರೆಸಿ, ದೊಡ್ಡಪ್ಪ' ಎಂದೆ.