ರಿಪೇರಿ

ವಸ್ತುಗಳಿಗೂ ಮುಪ್ಪುಂಟು, ರೋಗವುಂಟು. ಇದನ್ನು ಬಲ್ಲ ನಮ್ಮ ಹಿರಿಯರು ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರು. ಮೊಂಡಾದ ಕತ್ತಿಗೆ ಸಾಣೆ ಹಿಡಿಸುತ್ತಿದ್ದರು. ಹರಿದ ಕೊಡೆಯನ್ನು ಹೊಲಿಸುತ್ತಿದ್ದರು. ಪದಾರ್ಥವೊಂದು ಕೆಟ್ಟರೆ ‘ಎಲ್ಲಿ ಕೆಟ್ಟಿದೆ?’ ಎಂಬುದೇ ಅವರ ಮೊದಲ ಪ್ರಶ್ನೆಯಾಗಿತ್ತು. ಇಂದು ಎಲ್ಲರ ಅಂಗೈಯಲ್ಲಿ ನೆಲೆಸಿರುವ ಮೊಬೈಲ್ ಫೋನಿನ ವಿಷಯದಲ್ಲಿ ಈ ಪ್ರಶ್ನೆಯನ್ನು ನಾವು ಮರೆಯುತ್ತಿದ್ದೇವೆ.

ಜನರು ಫೋನನ್ನು ಬದಲಿಸುವುದೇಕೆ? ಹೊಸತರ ಮೋಹ ಒಂದು ಕಾರಣವೆಂಬುದು ನಿಜ. ಆದರೆ ದೋಷವನ್ನೆಲ್ಲ ಕೊಳ್ಳುವವನ ಚಾಪಲ್ಯದ ಮೇಲೆ ಹೊರಿಸುವುದು ನ್ಯಾಯವಲ್ಲ. ಫೋನಿನ ಅಂಗಗಳಲ್ಲಿ ಬೇಗ ಮುಪ್ಪಡರುವುದು ಬ್ಯಾಟರಿಗೆ. ಚಾರ್ಜು ಮಾಡಿ ಬಳಸಿದಂತೆಲ್ಲ ಅದರ ಧಾರಣಶಕ್ತಿ ಸ್ವಲ್ಪಸ್ವಲ್ಪವಾಗಿ ಕುಂದುತ್ತದೆ. ಹಿಂದಿನ ಫೋನುಗಳಲ್ಲಿ ಬೆನ್ನಿನ ಮುಚ್ಚಳವನ್ನು ಉಗುರಿನಿಂದಲೇ ತೆರೆದು ಬ್ಯಾಟರಿಯನ್ನು ಬದಲಿಸಬಹುದಾಗಿತ್ತು. ಅನಂತರ ಬಂದ ಬಹುಪಾಲು ಫೋನುಗಳಲ್ಲಿ ಅದನ್ನು ಒಳಗೆ ಅಂಟಿಸಿ, ಮುಚ್ಚಳವನ್ನು ಬಿಗಿದುಬಿಟ್ಟರು. ಫೋನು ತೆಳುವಾಗಿರಬೇಕು, ನೀರು ಒಳಸೇರಬಾರದು ಎಂಬುದು ತಯಾರಕರ ಸಮಾಧಾನ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಫಲವೇನಾಯಿತು?

ಹಳೆಯ ಬ್ಯಾಟರಿಯುಳ್ಳ ಕೆಲವು ಐಫೋನುಗಳ ವೇಗವನ್ನು ತಾನೇ ತಗ್ಗಿಸಿದ್ದುದಾಗಿ 2017ರಲ್ಲಿ ಆ್ಯಪಲ್ ಸಂಸ್ಥೆ ಒಪ್ಪಿಕೊಂಡಿತು. ಫೋನು ಹಠಾತ್ತನೆ ಆರಿಹೋಗದಿರಲೆಂದು ಹಾಗೆ ಮಾಡಿದುದಾಗಿ ಅದು ಹೇಳಿತು. ಹೊಸ ಬ್ಯಾಟರಿ ಹಾಕಿದರೆ ಅದೇ ಫೋನು ಮತ್ತೆ ಚುರುಕಾಗುತ್ತಿತ್ತು! ಇದನ್ನರಿಯದವರು ಫೋನೇ ಕೆಟ್ಟಿತೆಂದು ತಿಳಿದಿದ್ದರೆ ಆಶ್ಚರ್ಯವೇನು? ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತೆ!

ನನ್ನ ಫೋನಿನ ಬ್ಯಾಟರಿ ಸೊರಗಿದಾಗ ಸೇವಾಕೇಂದ್ರದವರು, “ಇದರ ಬಿಡಿಭಾಗ ಈಗ ಬರುವುದಿಲ್ಲ, ಹೊಸದನ್ನೇ ಕೊಳ್ಳಿ” ಎಂದರು. ಬೆಂಗಳೂರಿನ ಎಸ್.ಪಿ. ರಸ್ತೆಯ ಪುಟ್ಟ ಅಂಗಡಿಯೊಂದರ ತರುಣನು ಅದನ್ನು ಬಿಸಿ ಮಾಡಿ, ಅಂಟನ್ನು ಸಡಿಲಿಸಿ, ಬೇರೊಂದು ಬ್ಯಾಟರಿಯನ್ನು ಕೂರಿಸಿಕೊಟ್ಟನು. “ಅಂಟಿನ ಬದಲು ಸ್ಕ್ರೂ ಇದ್ದಿದ್ದರೆ ಐದು ನಿಮಿಷದ ಕೆಲಸ, ಸಾರ್” ಎಂದು ನಕ್ಕನು. ಆ ಫೋನು ಇಂದಿಗೂ ನನ್ನ ಜೇಬಿನಲ್ಲಿದೆ.

ಇದು ಕೇವಲ ಹಣದ ಉಳಿತಾಯವಲ್ಲ. ಫೋನಿನಿಂದ ಪರಿಸರಕ್ಕಾಗುವ ಹಾನಿಯ ಹೆಚ್ಚಿನ ಭಾಗ ಅದು ನಮ್ಮ ಕೈಸೇರುವ ಮೊದಲೇ, ಗಣಿಯಲ್ಲಿಯೂ ಕಾರ್ಖಾನೆಯಲ್ಲಿಯೂ ಆಗಿಹೋಗಿರುತ್ತದೆ. ಬ್ಯಾಟರಿಗೆ ಬೇಕಾದ ಕೋಬಾಲ್ಟನ್ನು ಕಾಂಗೋ ದೇಶದ ಬಡವರು, ಮಕ್ಕಳು ಸಹ, ಅಪಾಯವನ್ನು ಲೆಕ್ಕಿಸದೆ ಅಗೆದಿದ್ದಾರೆ. 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್ನು. ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ಒದಗಿಸಿದ್ದೆಂದು ದಾಖಲಾದುದು ಅದರ ಕಾಲುಭಾಗಕ್ಕಿಂತಲೂ ಕಡಮೆ.

ದಾರಿ ಇಲ್ಲದಿಲ್ಲ. ನೆದರ್ಲೆಂಡ್ಸಿನ ಫೇರ್‌ಫೋನ್ ಸಂಸ್ಥೆ ಬಳಸುವವನೇ ಬಿಚ್ಚಿ ಜೋಡಿಸಬಹುದಾದ ಫೋನುಗಳನ್ನು ತಯಾರಿಸಿ ತೋರಿಸಿದೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ, ಹೊಸ ಮಾದರಿಯೊಂದರ ಮಾರಾಟ ನಿಂತ ಮೇಲೂ 7 ವರ್ಷಗಳ ಕಾಲ ಅದರ ಮುಖ್ಯ ಬಿಡಿಭಾಗಗಳು ದೊರೆಯಬೇಕು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿತು.

ಹಣ ತೆತ್ತು ಕೊಂಡ ವಸ್ತುವನ್ನು ತೆರೆದು ಸರಿಪಡಿಸಿಕೊಳ್ಳಲು ಆಗದವನು ಅದರ ಒಡೆಯನು ಹೇಗಾದಾನು? ಅಂಗಡಿಯಲ್ಲಿ ಬೆಲೆಯನ್ನೂ ಬಣ್ಣವನ್ನೂ ವಿಚಾರಿಸುವ ನಾವು, ‘ಕೆಟ್ಟರೆ ಇದನ್ನು ರಿಪೇರಿ ಮಾಡಬಹುದೇ?’ ಎಂಬುದನ್ನೂ ಕೇಳಬೇಕು. ಕೇಳುವವರು ಹೆಚ್ಚಿದಂತೆ ಮಾಡುವವರೂ ಉತ್ತರ ಹೇಳಲೇಬೇಕಾಗುತ್ತದೆ.